ನನ್ನ ಬಲಗಡೆಯ ದನಿ

ಸೆಪ್ಟೆಂಬರ್ 2, ಗುರುವಾರ. ಬೆಳಿಗ್ಗೆ

ಮತ್ತೆ ತೂಕ ನೋಡಿದರು. ಇನ್ನೂ ಸಾಲದಂತೆ. ಮೊಟ್ಟೆ, ಓಟ್ಸ್, ಮತ್ತೆ ಮೊಟ್ಟೆ. ನೆಬ್ರಾಸ್ಕಾದ ಕೋಳಿಗಳಿಗೆ ನನ್ನ ಹೆಸರು ಗೊತ್ತಾದರೆ ಶಾಪ ಹಾಕಿಯಾವು. ಕಾಲಗಿಣ್ಣಿಗೆ ಟೇಪು, ಬೆರಳಿಗೆ ಟೇಪು. ಕಾಲೇಜು ಫುಟ್‌ಬಾಲ್ ಸೀಸನ್ ಶನಿವಾರ ಶುರು.

ಒಮಾಹಾದಿಂದ ಅಮ್ಮನ ಫೋನು. ಪ್ರತಿ ವರ್ಷದ ಅದೇ ಪ್ರಶ್ನೆ. "ರಾಸ್ಕೊ, ಈ ವರ್ಷವಾದ್ರೂ ಚೆಂಡು ನಿನ್ ಕೈಗೆ ಕೊಡ್ತಾರೇನೋ?" ಇಲ್ಲಮ್ಮಾ. ನಾವು ಐದು ಜನ ಚೆಂಡು ಹಿಡಿದು ಓಡುವವರಲ್ಲ, ಎದುರಿನವರನ್ನು ತಡೆಯುವವರು. ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಯಾರೂ ಬೀಳದಿದ್ದರೆ ನಮಗೆ ಒಳ್ಳೆಯ ದಿನ. ಬಿದ್ದರೆ ಮಾತ್ರ ಟಿವಿಯವರಿಗೆ ನಮ್ಮ ಹೆಸರು ನೆನಪಾಗುತ್ತದೆ.

ನಮ್ಮ ಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಎಡತುದಿ ನನ್ನದು. ನನ್ನ ಬಲಕ್ಕೆ ಮೂರು ವರ್ಷ ಲೈಲ್ ವೊಂಡ್ರಾ. ಈಗ ಆ ಜಾಗದಲ್ಲಿ ಹ್ಯೂಗೊ, ಕಾನ್ಸಸ್‌ನ ಒಂದು ಕಾಲೇಜು ಬಿಟ್ಟು ಬಂದವನು. ಬಾಯಿಬಡುಕ. ಒಳ್ಳೆಯವನು. ಅವನನ್ನು ನೋಡಿದರೆ ಸಿಟ್ಟು ಬರುತ್ತದೆ, ಅದು ಅವನ ತಪ್ಪಲ್ಲ.

ಇದನ್ನು ಬರೆಯಲು ಹೇಳಿದ್ದು ಕೌನ್ಸೆಲರ್. ಯಾರಿಗೂ ತೋರಿಸಬೇಕಿಲ್ಲ ಎಂದರು. ತೋರಿಸುವವನೂ ಅಲ್ಲ.

ಅದೇ ದಿನ, ಊಟದ ನಂತರ

ಗುರುವಾರದ ಊಟ ಲೈಲ್‌ನ ಮನೆಯಲ್ಲೇ. ಲೈನ್‌ನವರಿಗೆಲ್ಲ ಅವರ ತೋಟದ ಮನೆಯಲ್ಲಿ ಬಡಿಸುವುದು ಅವನು ಕಾಲೇಜಿಗೆ ಸೇರಿದ ವರ್ಷದಿಂದ ಬಂದ ರೂಢಿ. ಈ ವರ್ಷ ಇರುವುದಿಲ್ಲ ಅಂದುಕೊಂಡಿದ್ದೆವು. ಸೋಮವಾರವೇ ಅವನಮ್ಮ ಡಾರ್ಲಾ ಫೋನ್ ಮಾಡಿದರು. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುವುದು. "ಹಿಟ್ಟು ಕಲಸಿಟ್ಟಾಗಿದೆ. ಬರದೇ ಇದ್ರೆ ನಿಮ್ಮ ರೂಮಿಗೇ ತಂದು ಸುರೀತೀನಿ."

ಎಲೆಕೋಸು, ದನದ ಮಾಂಸ ತುಂಬಿದ ಬನ್ನು. ಏಪ್ರಿಕಾಟ್ ಹಣ್ಣು ತುಂಬಿದ ಸಿಹಿ ಕೊಲಾಚಿ. ಎಲ್ಲರೂ ಬಾಯಿ ಮುಚ್ಚಿಕೊಂಡು ತಿಂದೆವು. ಅವನಪ್ಪ ಆರ್ಡೆನ್ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು, ಒಂದು ತುತ್ತೂ ಮುಟ್ಟಲಿಲ್ಲ. ಅಂಗಿಯ ಕಾಲರು ಅವರ ಕುತ್ತಿಗೆಗೆ ಸಡಿಲವಾಗಿದೆ.

ಕಿಟಕಿಯಿಂದ ಕಣಜ ಕಾಣಿಸುತ್ತದೆ. ತಗಡಿನ ದೊಡ್ಡ ಕಣಜ. ಜುಲೈನಲ್ಲಿ ಹಳೆಯ ಮೆಕ್ಕೆಜೋಳ ಹೊರಗೆ ತೆಗೆಯುತ್ತಿದ್ದರು. ಒಳಗೆ ಹೆಂಟೆ ಕಟ್ಟಿತ್ತು. ಅದನ್ನು ಒಡೆಯಲು ಲೈಲ್ ಕೋಲು ಹಿಡಿದು ಒಳಗಿಳಿದ. ಕೆಳಗೆ ಯಂತ್ರ ಜೋಳ ಎಳೆಯುತ್ತಲೇ ಇತ್ತು. ಅವನನ್ನೂ ಎಳೆಯಿತು.

ಅಗ್ನಿಶಾಮಕದವರು ತಗಡು ಕೊಯ್ದ ಜಾಗಕ್ಕೆ ಹೊಸ ತಗಡು ಹೊಡೆದಿದ್ದಾರೆ. ಅದೊಂದೇ ಹೊಳೆಯುತ್ತದೆ.

ಸೆಪ್ಟೆಂಬರ್ 5, ಭಾನುವಾರ

ಗೆದ್ದೆವು. ಅದು ಬಿಡು.

ನಿನ್ನೆ ಆಟದ ಎರಡನೇ ಕ್ವಾರ್ಟರ್. ಬಗ್ಗಿ ನಿಂತಿದ್ದೆ. ಬಲಗಿವಿಯ ಪಕ್ಕದಲ್ಲೇ — "ಗೇಟು."

ಎದುರಿನ ಇಬ್ಬರು ಒಬ್ಬರ ದಾರಿ ಒಬ್ಬರು ಅಡ್ಡ ಹಾಯ್ದು ಬರುವಾಗ ಕೂಗಬೇಕಾದದ್ದು "ಸ್ವಿಚ್". ಕೋಚ್ ಡೀಟ್ರಿಕ್ ಕಲಿಸಿದ್ದು ಅದನ್ನೇ. ಹ್ಯೂಗೊ ಕೂಗುವುದೂ ಅದನ್ನೇ. ಲೈಲ್ ಮಾತ್ರ "ಗೇಟು" ಅನ್ನುತ್ತಿದ್ದ. ಗೇಟು ತೆರೆದ ಕೂಡಲೇ ಅವರ ಮನೆ ದನಗಳು ಹಾಗೆ ಅಡ್ಡಾದಿಡ್ಡಿ ನುಗ್ಗುತ್ತಿದ್ದವಂತೆ. ಕೋಚ್ ಎಷ್ಟು ಬೈದರೂ ಬಿಡಲಿಲ್ಲ.

ಯೋಚಿಸಲು ಹೊತ್ತೆಲ್ಲಿ. "ಗೇಟು" ಎಂದು ಉತ್ತರ ಕೊಟ್ಟೆ. ಒಳಗಿನಿಂದ ಬರುವವನಿಗೆ ತಿರುಗಿ ನಿಂತೆ. ಚೆಂಡು ಕದಲಿತು, ಅವನು ನೇರ ನನ್ನ ಎದೆಗೆ ಬಂದ. ಅಂಗಾತ ಕೆಡವಿದೆ.

ಹ್ಯೂಗೊ ಕೇಳಿದ, "ಏನೋ ಅದು, ಗೇಟು? ಯಾರ್ ಮನೆ ಗೇಟು?"

ಹೆದರಿಕೆ ಆಗಲಿಲ್ಲ. ಅದೇ ಈಗ ಹೆದರಿಕೆ.

ಸೆಪ್ಟೆಂಬರ್ 12

ಮತ್ತೆ. ಎರಡು ಸಲ. ಎರಡೂ ಸಲ ಸರಿ.

ಇವತ್ತು ಫಿಲ್ಮ್ ರೂಮಿನಲ್ಲಿ ಕೋಚ್ ಆ ವಿಡಿಯೋ ತುಣುಕನ್ನೇ ಹಿಂದೆ ಮುಂದೆ ಓಡಿಸಿದರು. "ಇಲ್ಲಿ ನೋಡ್ರೋ. ಇವನು ತಿರುಗಿದಾಗ ಅವರಿನ್ನೂ ಕದಲೇ ಇಲ್ಲ. ರಾಸ್ಕೊ, ಅವರ ಪ್ಲಾನೆಲ್ಲ ಇರೋ ಪ್ಲೇಬುಕ್ ಕದ್ದಿದ್ಯೇನೋ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಮಾಮೂಲು ಪಾಠ. ಹೊಸಬರಿಗಾಗಿ. "ಪಕ್ಕದವನು ಕೂಗಿದ್ರೆ ಉತ್ತರ ಕೊಡ್ಬೇಕು. ಆ ಕ್ಷಣಕ್ಕೇ. ಗೊತ್ತಿಲ್ಲ ಅಂತ ಬಾಯಿ ಮುಚ್ಕೊಂಡು ನಿಲ್ಲೋ ಹಾಗಿಲ್ಲ. ತಪ್ಪು ಉತ್ತರ ಆದ್ರೂ ಕೊಡಿ, ಐದೂ ಜನ ಸೇರಿ ತಪ್ಪು ಮಾಡಿದ್ರೆ ಹೇಗೋ ಬಚಾವಾಗ್ತೀವಿ. ಒಬ್ಬ ಸುಮ್ನಿದ್ರೆ ಕ್ವಾರ್ಟರ್‌ಬ್ಯಾಕ್ ಆಸ್ಪತ್ರೆಗೆ ಹೋಗ್ತಾನೆ." ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಅಂಗಡಿಯವನು ಚಿಲ್ಲರೆ ಇದೆಯಾ ಎಂದರೂ ಈಗ ತಟಕ್ಕನೆ ಏನೋ ಒಂದು ಹೇಳಿಬಿಡುತ್ತೇನೆ.

ಟ್ರೇನರ್‌ಗೆ ಹೇಳಬೇಕೇನೋ. ಹೇಳಿದರೆ ಹೆಲ್ಮೆಟ್ ಕಸಿದುಕೊಂಡು ಹೊರಗೆ ಕೂರಿಸುತ್ತಾರೆ. ತಲೆಗೆ ಪೆಟ್ಟೇನೂ ಬಿದ್ದಿಲ್ಲ. ಲೈಲ್‌ನ ದನಿ ನನಗೆ ಗೊತ್ತು, ಅಷ್ಟೇ. ಮೂಗು ಕಟ್ಟಿದ ಹಾಗಿನ ದನಿ.

ಸೆಪ್ಟೆಂಬರ್ 23, ಗುರುವಾರ

ಎಡವಟ್ಟಾಯಿತು.

ಊಟ ಮುಗಿದು ಉಳಿದವರು ಅಂಗಳದಲ್ಲಿ ಕುದುರೆಲಾಳ ಎಸೆಯುವ ಆಟ ಆಡುತ್ತಿದ್ದರು. ನಾನು ತಟ್ಟೆ ಒರೆಸುತ್ತಿದ್ದೆ. ಆರ್ಡೆನ್ ಅಡುಗೆಮನೆಗೆ ಬಂದು ಮೇಜಿಗೆ ಒರಗಿ ನಿಂತರು.

"ಶನಿವಾರ ಮ್ಯಾಚ್ ಮುಗಿಯೋ ಹೊತ್ತು. ಅವ್ರಿಬ್ರೂ ಅಡ್ಡ ಬರ್ತಾರೇಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಲೈಲ್ ಹೇಳ್ದ."

ಬಾಯಿಂದ ಬಂದುಬಿಟ್ಟಿತು. ಕೇಳಿದರು, ಉತ್ತರ ಕೊಟ್ಟೆ. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ಬೈಯುತ್ತಾರೆ ಅಂದುಕೊಂಡೆ. ಹೊಡೆದರೂ ಹೊಡೆಸಿಕೊಳ್ಳುತ್ತಿದ್ದೆ.

ಅವರು ಮೇಜು ಬಿಟ್ಟು ಹತ್ತಿರ ಬಂದರು. "ಏನಂದ?"

"ಗೇಟು ಅಂದ, ಸರ್."

ಆರ್ಡೆನ್ ನಕ್ಕರು. ಜುಲೈನಿಂದೀಚೆ ಅವರು ನಕ್ಕದ್ದು ನಾನು ನೋಡಿರಲಿಲ್ಲ. ಕುರ್ಚಿ ಎಳೆದು ಕೂತು, ಆರಿದ ಬನ್ನು ಒಂದನ್ನು ಪೂರ್ತಿ ತಿಂದರು. ಡಾರ್ಲಾ ಅಮ್ಮ ಬಾಗಿಲಲ್ಲಿ ನಿಂತು ಅವರು ತಿನ್ನುವುದನ್ನೇ ನೋಡುತ್ತಿದ್ದರು.

ಅಕ್ಟೋಬರ್ 10

ಬಹಳ ದಿನ ಬರೆಯಲಿಲ್ಲ. ಬರೆಯದಿದ್ದರೂ ಆಟ ನಡೆಯುತ್ತದೆ.

ಈ ಸೀಸನ್ ಒಂದು ಸಲವೂ ನನ್ನನ್ನು ದಾಟಿ ಯಾರೂ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಬಿದ್ದಿಲ್ಲ. ಪತ್ರಿಕೆಯಲ್ಲಿ ಫೋಟೋ. ಎನ್ಎಫ್ಎಲ್‌ನ ವೃತ್ತಿಪರ ತಂಡಗಳಿಗೆ ಆಟಗಾರರನ್ನು ಆರಿಸುವ ಸ್ಕೌಟುಗಳು ಪ್ರಾಕ್ಟೀಸಿಗೆ ಬಂದು, ಸಂತೆಯಲ್ಲಿ ಎತ್ತು ನೋಡಿದ ಹಾಗೆ ನನ್ನ ಪಾದ, ಸೊಂಟ ನೋಡುತ್ತಾರೆ. ಒಬ್ಬ ಹೇಳಿದ, ನಿನಗೆ ಹುಟ್ಟಿನಿಂದಲೇ ಆ ಕಣ್ಣಿದೆ ಅಂತ. ಕಣ್ಣಲ್ಲ ಸ್ವಾಮಿ, ಕಿವಿ. ಅದೂ ನನ್ನದಲ್ಲ.

ಬಸ್ಸಿನಲ್ಲಿ ಹ್ಯೂಗೊ ಪಕ್ಕದಲ್ಲಿ ಕೂತ. "ನಾನು ಬಾಯಿ ತೆಗಿಯೋಕ್ ಮುಂಚೆ ನೀನ್ ಉತ್ರ ಕೊಡ್ತೀಯ. ನಮ್ಮಮ್ಮ ಒಬ್ಳೇ ಹಿಂಗ್ ಮಾಡೋದು." ನಾನು ಕಿಟಕಿ ಕಡೆ ತಿರುಗಿದೆ. ಅವನು ಬಿಡಲಿಲ್ಲ. ದನಿ ತಗ್ಗಿಸಿ ಹೇಳಿದ, "ನೋಡು, ನಾನ್ ಅವನಲ್ಲ, ಗೊತ್ತು. ಆದ್ರೆ ನಾನೂ ಇಲ್ಲೇ ಇದ್ದೀನಿ ಕಣೋ."

ನಾಚಿಕೆಯಾಯಿತು. ನನ್ನ ಸ್ಯಾಂಡ್‌ವಿಚ್ ಅರ್ಧ ಕೊಟ್ಟೆ. ನನ್ನಂಥವನು ಊಟ ಹಂಚಿಕೊಂಡ ಎಂದರೆ ಅವನಿಗೆ ಅರ್ಥವಾಗಿರುತ್ತದೆ.

ಅಕ್ಟೋಬರ್ 21, ಗುರುವಾರ

ಈಗ ಪ್ರತಿ ಗುರುವಾರವೂ ಅದೇ. ಊಟವಾದ ಮೇಲೆ ಆರ್ಡೆನ್ ಅಡುಗೆಮನೆಗೆ ಬರುತ್ತಾರೆ.

"ಏನಂದ ನಮ್ ಹುಡ್ಗ?"

"ಗೇಟು. ಎರಡು ಸಲ."

"ಅಷ್ಟೇನಾ?"

"ಅಷ್ಟೇ ಸರ್."

ಅಷ್ಟೇ ಎಂದರೆ ಅವರಿಗೆ ಸಂತೋಷ. ಅವನು ಬದುಕಿದ್ದಾಗಲೂ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ. ಒಂದು ಮಾತು ನಾನಾಗಿ ಸೇರಿಸಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಸೇರಿಸಲಿಲ್ಲ.

ಅವರ ಕುತ್ತಿಗೆ ತುಂಬಿಕೊಂಡಿದೆ. ಕೊಯ್ಲಿಗೂ ಇಳಿದಿದ್ದಾರೆ. ಹೊಸ ಜೋಳವೆಲ್ಲ ಬೇರೆ ಕಣಜಗಳಿಗೆ. ಆ ಕಣಜದಲ್ಲಿ ಜುಲೈನ ಜೋಳ ಅರ್ಧ ಹಾಗೇ ಇದೆ. ಕೊಳ್ಳುವವರು ಬಂದರೂ ತೆಗೆಯಲು ಬಿಡಲಿಲ್ಲವಂತೆ.

ನವೆಂಬರ್ 4, ಗುರುವಾರ

ಇವತ್ತು ಅಡುಗೆಮನೆಗೆ ಬರಲಿಲ್ಲ. ನನ್ನನ್ನೇ ಹೊರಗೆ ಕರೆದರು. ಬಿಸಿಲು ಇಳಿಯುತ್ತಿತ್ತು. ಕಣಜದ ಹತ್ತಿರ ನಡೆದೆವು. ಆ ಹೊಸ ತಗಡಿನ ಮೇಲೆ ಅಂಗೈ ಇಟ್ಟು ನಿಂತರು. ಒಳಗೆ ಜೋಳ ಸರಿದ ಸದ್ದು. ತಾನಾಗೇ ಸರಿಯುತ್ತದಂತೆ, ಚಳಿಗೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆರ್ಡೆನ್ ಅಲುಗಲಿಲ್ಲ. ದಿನಾ ಬಂದು ಕೇಳುವವರ ಹಾಗಿದ್ದರು.

"ಒಂದು ಕೇಳ್ಬೇಕು ರಾಸ್ಕೊ. ನೀನ್ ಅವನ್ನ ಕೇಳಿ ಹೇಳು."

"ಏನು ಸರ್?"

"ಅವತ್ತು... ನನ್ನನ್ನ ಕೂಗಿದ್ನಾ ಅಂತ."

ಉತ್ತರ ನನಗೆ ಗೊತ್ತಿರಲಿಲ್ಲ, ಆದರೂ ನಾಲಿಗೆ ತುದಿಗೆ ಏನೋ ಬಂದಿತ್ತು. ನುಂಗಿಕೊಂಡೆ. ಕೇಳುತ್ತೇನೆ ಎಂದೆ.

ಹೊರಡುವಾಗ ಡಾರ್ಲಾ ಅಮ್ಮ ನನ್ನ ಟ್ರಕ್ಕಿನ ತನಕ ಬಂದು ಕಿಟಕಿ ಹಿಡಿದುಕೊಂಡರು. "ಅವ್ರು ಏನ್ ಕೇಳಿದ್ರು ಅಂತ ನಂಗೊತ್ತು. ಅನ್ನ ನೀರು ಇಳೀತಿರೋದೇ ನಿನ್ನ ಮಾತಿನ ಮೇಲೆ. ಏನ್ ಹೇಳಿದ್ರೂ ಯೋಚ್ನೆ ಮಾಡಿ ಹೇಳು, ಮಗಾ."

"ಅವನು ಆಟದ ಮಾತು ಬಿಟ್ಟು ಬೇರೆ ಆಡಲ್ಲ ಅಮ್ಮಾ."

"ಹಂಗಾದ್ರೆ ಅದನ್ನೇ ಹೇಳು."

ನವೆಂಬರ್ 14

ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಗೆದ್ದೆವು. ನಮ್ಮ ಭಾಗದ ಕಾಲೇಜುಗಳ ಕಾನ್ಫರೆನ್ಸಿನ ಅತ್ಯುತ್ತಮ ಲೈನ್‌ಮನ್ ಪಟ್ಟಿಯಲ್ಲಿ ಹೆಸರಿದೆಯಂತೆ. ಒಮಾಹಾದಲ್ಲಿ ಅಮ್ಮ ಚರ್ಚಿನಲ್ಲಿ ಎದ್ದು ನಿಂತು ಹೇಳಿದಳಂತೆ. ಚೆಂಡಿನ ಪ್ರಶ್ನೆ ಈ ವಾರ ಬರಲಿಲ್ಲ.

ನವೆಂಬರ್ 21, ಭಾನುವಾರ

ನಿನ್ನೆ ಕೇಳಿದೆ. ಮೂರನೇ ಕ್ವಾರ್ಟರಿನಲ್ಲಿ ಗಾಯಾಳು ಒಬ್ಬನಿಗಾಗಿ ಆಟ ನಿಂತಿತ್ತು. ಬಗ್ಗಿ, ಹೆಲ್ಮೆಟ್ಟಿನೊಳಗೇ, ಬಲಕ್ಕೆ ತಿರುಗಿ ಕೇಳಿದೆ. "ಲೈಲ್. ಅವತ್ತು ಅಪ್ಪನ್ನ ಕೂಗಿದ್ಯಾ?"

ಹ್ಯೂಗೊ ನನ್ನ ಮುಖ ನೋಡಿದ. ಕೇಳಿಸಿಕೊಂಡ. ಹುಲ್ಲು ಕಿತ್ತು ಎಸೆದ.

ಉತ್ತರ ಇಲ್ಲ. ಆಟ ಮತ್ತೆ ಶುರುವಾದಾಗ ಎಂದಿನಂತೆ "ಗೇಟು". ನಾನು ಕೇಳಿದ್ದೇ ಇಲ್ಲವೇನೋ ಎಂಬ ಹಾಗೆ. ಸಿಟ್ಟು ಬಂತು. ನಮ್ಮ ಲೈನಿನಲ್ಲಿ ಪ್ರಶ್ನೆಗೆ ಉತ್ತರ ಕೊಡದವನು ಅವನೊಬ್ಬನೇ ಈಗ.

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆರ್ಡೆನ್ ಕೇಳಿಯೇ ಕೇಳುತ್ತಾರೆ. ಹೇಳಬೇಕಾದದ್ದನ್ನು ಅಭ್ಯಾಸ ಮಾಡಿಕೊಂಡೆ: ಕೇಳಿದೆ ಸರ್, ಅವನು ಏನೂ ಹೇಳಲಿಲ್ಲ. ಅಷ್ಟೇ. ಅದೇ ನಿಜ.

ನವೆಂಬರ್ 25, ಗುರುವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಊರಿಗೆ ಹೋಗದವರು ನಾವು ನಾಲ್ಕು ಜನ ಬಂದಿದ್ದೆವು. ಹಬ್ಬದ ಟರ್ಕಿ ಕೋಳಿ ಕೊಯ್ಯಲು ಆರ್ಡೆನ್ ಎದ್ದು ನಿಂತಿದ್ದರು. ಹ್ಯೂಗೊ ಆಲೂಗಡ್ಡೆ ಬಡಿಸಿಕೊಳ್ಳುತ್ತ ಏನೋ ತಮಾಷೆ ಮಾಡುತ್ತಿದ್ದ, ಡಾರ್ಲಾ ಅಮ್ಮ ನಗುತ್ತಿದ್ದರು. ಅಡುಗೆಮನೆಗೆ ಕರೆಯುತ್ತಾರೆ, ಅಲ್ಲಿ ಹೇಳೋಣ ಅಂದುಕೊಂಡಿದ್ದೆ. ಕರೆಯಲಿಲ್ಲ. ಚಾಕು ಹಿಡಿದುಕೊಂಡೇ, ಎಲ್ಲರೆದುರು, ನನ್ನ ಕಡೆ ನೋಡಿ —

"ಕೂಗಿದ್ನಾ?"

"ಇಲ್ಲ ಸರ್. ಕೂಗ್ಲಿಲ್ಲ ಅಂದ."

ಒಂದು ಕ್ಷಣವೂ ಹಿಡಿಯಲಿಲ್ಲ. ಮೈದಾನದಲ್ಲಿ ಕೊಡುವ ಹಾಗೇ ಕೊಟ್ಟೆ. ಅಭ್ಯಾಸ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಬಾಯಿ ತಾನಾಗೇ ಅವರಿಗೆ ಒಳ್ಳೆಯದಾಗುವುದನ್ನು ಆರಿಸಿಕೊಂಡಿತು. ಕೂಗಲಿಲ್ಲ ಎಂದರೆ ನೋವಿರಲಿಲ್ಲ, ಹೆದರಿರಲಿಲ್ಲ, ಅಪ್ಪನಿಗೆ ಕೇಳಿಸದೆ ಹೋದದ್ದೂ ಏನೂ ಇಲ್ಲ — ಹಾಗಂದುಕೊಳ್ಳುತ್ತಾರೆ, ನಿದ್ದೆ ಮಾಡುತ್ತಾರೆ ಎಂದು.

ಆರ್ಡೆನ್ ಚಾಕುವನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟರು.

"ಕೂಗಿದ" ಎಂದರು. "ನಂಗೆ ಕೇಳಿಸ್ತು."

ಡಾರ್ಲಾ ಅಮ್ಮನ ಮುಖ ನೋಡಿದೆ. ಅವರಿಗೂ ಇದು ಹೊಸದು.

"ಯಂತ್ರದ ಸದ್ದಲ್ಲಿ ಮಾತು ತಿಳೀಲಿಲ್ಲ. ನಾಯಿಗೆ ಬೈತಿದ್ದಾನೆ ಅಂದ್ಕೊಂಡೆ. ಇರೋ, ಬಂದೆ ಅಂದೆ. ಜೋಳದ ಟ್ರಕ್ಕಿನ ಮೇಲಿನ ಟಾರ್ಪಾಲ್ ಸರಿಮಾಡಿ ಹೋದೆ."

ಆಮೇಲೆ ನನಗೆ ಹೇಳಿದರು. ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ನಿಂಗೆ ಏನೋ ಕೇಳಿಸತ್ತೆ ಅಂತ ನಂಬಿದ್ದೆ. ನಮ್ಮಂಥ ಮುದುಕರ ಮೇಲೆ ನಿಂಗೆ ಕನಿಕರ. ಒಳ್ಳೇ ಹುಡ್ಗ ನೀನು."

ಕೇಳಿಸುತ್ತದೆ ಸರ್, ನಿಜವಾಗಿ ಕೇಳಿಸುತ್ತದೆ, ಇದೊಂದು ಮಾತ್ರ ನಾನು — ಎಂದು ಶುರುಮಾಡಿದೆ. ಅವರು ತಲೆಯಾಡಿಸಿ ಟರ್ಕಿ ಕೊಯ್ದು ಎಲ್ಲರಿಗೂ ಬಡಿಸಿದರು. ತಮ್ಮ ತಟ್ಟೆಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳು ಅವರ ಮಗ ಅವರಿಗೆ ಇದ್ದ. ಇವತ್ತು ಮತ್ತೆ ಸತ್ತ. ಕೊಂದದ್ದು ನಾನೇ.

ನವೆಂಬರ್ 26

ಡಾರ್ಲಾ ಅಮ್ಮನ ಸಂದೇಶ. "ಫೋನ್ ಮಾಡಬೇಡ. ಬೆಳಿಗ್ಗೆಯಿಂದ ಕಣಜದ ಏಣಿ ಮೇಲೆ ಕೂತಿದ್ದಾರೆ. ನಾನಿದ್ದೇನೆ."

ನವೆಂಬರ್ 27, ಶನಿವಾರ. ಸಂಜೆ, ಲಾಕರ್ ರೂಮು

ಸೀಸನ್ನಿನ ಕೊನೆಯ ಆಟ. ಗೆದ್ದೆವು ಅನ್ನುತ್ತಾರೆ.

ಮೊದಲ ಅರ್ಧದಲ್ಲಿ ದನಿಯೇ ಇಲ್ಲ. ಹ್ಯೂಗೊನ ಕೂಗಿನಲ್ಲೇ ಆಡಿದೆ. ಚೆನ್ನಾಗಿ ಕೂಗುತ್ತಾನೆ, ಸ್ಪಷ್ಟವಾಗಿ. ಸೀಸನ್ ಪೂರ್ತಿ ಕೇಳಿಸಿಕೊಳ್ಳಬಹುದಿತ್ತು.

ಮೂರನೇ ಕ್ವಾರ್ಟರ್. ಬಗ್ಗಿದೆ. ಎದುರಿನವನ ಕಾಲು ನೋಡುತ್ತಿದ್ದೆ. ಬಲಗಿವಿಯಲ್ಲಿ ಬಂತು. ಆಟದ ದನಿಯಲ್ಲ. ಎದೆಯ ತನಕ ಏನೋ ಒತ್ತಿದಾಗ ಬರುವ ದನಿ. ಮೂಗು ಕಟ್ಟಿದ ಅದೇ ದನಿ.

"ಅಪ್ಪಾ, ಒಳಗೆ ಬರಬೇಡ. ನಿನ್ನನ್ನೂ ಎಳ್ಕೊಳತ್ತೆ. ಬರಬೇಡ ಅಪ್ಪಾ."

ಚೆಂಡು ಕದಲಿತು. ನಾನು ಕದಲಲಿಲ್ಲ. ಎದುರಿನವನು ನನ್ನ ಭುಜ ಸವರಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ. ಈ ಸೀಸನ್ನಿನಲ್ಲಿ ಒಂದೇ ಒಂದು. ಕ್ವಾರ್ಟರ್‌ಬ್ಯಾಕ್ ಎದ್ದ, ಪೆಟ್ಟಾಗಲಿಲ್ಲ. ಸ್ಟೇಡಿಯಂನಲ್ಲಿ ನನ್ನ ಹೆಸರು ಹೇಳಿದರು.

ಹ್ಯೂಗೊ ನನ್ನ ಜರ್ಸಿ ಹಿಡಿದು ಅಲುಗಾಡಿಸಿದ. "ಯಾಕೋ ನಿಂತೆ? ರಾಸ್ಕೊ. ಅಳ್ತಿದ್ಯೇನೋ?"

"ಉತ್ರ ಕೊಟ್ಟ" ಎಂದೆ. "ಒಂದು ವಾರ ಬಿಟ್ಟು."

ಅವನು ನನ್ನನ್ನು ತಳ್ಳಿಕೊಂಡು ಹೋಗಿ ಮತ್ತೆ ಸಾಲಿನಲ್ಲಿ ನಿಲ್ಲಿಸಿದ. ಆಮೇಲೆ ಬಲಗಡೆ ಬರೀ ಅವನೇ.

ನವೆಂಬರ್ 28, ಭಾನುವಾರ. ಬೆಳಿಗ್ಗೆ

ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ವೊಂಡ್ರಾ ಅವರ ಮನೆಯ ರಸ್ತೆ. ಎಂಜಿನ್ ಆರಿಸಿದ್ದೇನೆ. ಫಿಲ್ಮ್ ರೂಮಿಗೆ ಹೋಗಲಿಲ್ಲ. ಕೋಚ್ ಎರಡು ಸಲ ಫೋನ್ ಮಾಡಿದರು. ನನ್ನನ್ನು ಪಟ್ಟಿಯಲ್ಲಿ ಉಳಿಸಿದ್ದಾರಂತೆ. ಅತ್ಯುತ್ತಮ ಲೈನ್‌ಮನ್.

ಹೇಗೆ ಹೇಳುವುದು. ಗುರುವಾರ ಕೂಗಲಿಲ್ಲ ಎಂದೆ. ಭಾನುವಾರ ಬಂದು, ಕೂಗಿದ, ಹೀಗೆ ಕೂಗಿದ ಎಂದರೆ — ಅವರ ಬಾಯಿಂದ ಬಂದದ್ದನ್ನೇ ತಿರುಗಿಸಿ, ಮೇಲೆ ಒಂದಿಷ್ಟು ಕನಿಕರ ಸವರಿ ತಂದಿದ್ದಾನೆ ಅನ್ನುತ್ತಾರೆ. ಒಳ್ಳೇ ಹುಡುಗ ಅನ್ನುತ್ತಾರೆ. ನಾನೇ ಅವರ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ.

ಸುಳ್ಳನ್ನು ತಟಕ್ಕನೆ ಹೇಳಿದೆ. ನಿಜ ಕೈಯಲ್ಲಿದೆ, ಬಾಯಿಗೆ ಬರುತ್ತಿಲ್ಲ.

ಕೂಗಿದ ಕೂಡಲೇ ಹೋಗದೆ ಇದ್ದದ್ದಕ್ಕೆ ಆರ್ಡೆನ್ ಕೊರಗಿ ಸಾಯುತ್ತಿದ್ದಾರೆ. ಹೋಗಬೇಡ ಎಂದೇ ಅವನು ಕೂಗಿದ್ದು. ಇಷ್ಟೇ ವಿಷಯ. ಈ ಭೂಮಿಯ ಮೇಲೆ ಇದು ಗೊತ್ತಿರುವುದು ನನಗೊಬ್ಬನಿಗೆ.

ಆರ್ಡೆನ್ ಏಣಿಯ ಕೆಳಗೆ ನಿಂತಿದ್ದಾರೆ. ಕೋಟು ಹಾಕಿಲ್ಲ. ಟ್ರಕ್ಕು ನೋಡಿದರು.

ನೋಡಿ, ತಿರುಗಿ, ಮೇಲೆ ಹತ್ತುತ್ತಿದ್ದಾರೆ. ಲೈಲ್ ಒಳಗಿಳಿದ ಆ ಮುಚ್ಚಳದ ಕಡೆ. ಡಾರ್ಲಾ ಅಮ್ಮ ಎಲ್ಲಿ — ಮುಚ್ಚಳ ತೆಗೆಯುತ್ತಿದ್ದಾರೆ, ಒಳಗೆ ಇಳಿ